1835ರ ರೂಪಾಯಿ: ಒಂದು ತಿದ್ದುಪಡಿ

ಕಳೆದ ದೀಪಾವಳಿಯ ಪಾಡ್ಯದಂದು ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರು ಹತ್ತರಗಿಯ ನಮ್ಮ ಮನೆಗೆ ಬಂದಿದ್ದರು. ಚೂಡಾ, ಚಹಾ ಮುಗಿದ ಮೇಲೆ ಅವರಲ್ಲೊಬ್ಬನು, "ಸರ್, ಆ 1835ರ ರೂಪಾಯಿ ಇನ್ನೂ ಐತೇನ್ರಿ? ನನ್ನ ಮಗನಿಗೆ ತೋರಿಸಬೇಕಿತ್ರಿ" ಎಂದು ಕೇಳಿದನು. ನಾನು ಕಪಾಟಿನಿಂದ ಹಳೆಯ ಡಬ್ಬಿಯನ್ನು ತೆಗೆದು ಕೊಟ್ಟೆ. ಅವನು ಆ ನಾಣ್ಯವನ್ನು ಮಗನ ಅಂಗೈಮೇಲಿಟ್ಟು, "ನೋಡು, ಇದನ್ನ 1835ರಾಗ ಹೊಡದದ್ದು. ಪುಸ್ತಕ ತಪ್ಪಬಹುದು, ನಾಣ್ಯದ ಮ್ಯಾಲಿನ ಇಸವಿ ತಪ್ಪಂಗಿಲ್ಲ" ಎಂದನು.

ಆ ಮಾತು ಅವನದಲ್ಲ, ನನ್ನದು. ಸುಮಾರು ಮೂವತ್ತು ವರ್ಷಗಳ ಕಾಲ ಒಂಬತ್ತನೆಯ ತರಗತಿಯಲ್ಲಿ ಇತಿಹಾಸದ ಆಧಾರಗಳ ಪಾಠ ಮಾಡುವಾಗ ನಾನು ಹೇಳುತ್ತಿದ್ದ ಮಾತು. ಅದು ತಪ್ಪೆಂದು ನನಗೆ ಅಷ್ಟರಲ್ಲಾಗಲೇ ತಿಳಿದಿತ್ತು. ಆದರೂ ಹಬ್ಬದ ದಿನ ಬಾಯಿ ಬಿಡಲಿಲ್ಲ. ಹುಡುಗನ ಕಣ್ಣಿನಲ್ಲಿದ್ದ ಬೆರಗನ್ನು ಕೆಡಿಸಲು ಮನಸ್ಸಾಗಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಹೋದ ಮೇಲೆ ಆ ಸಮಾಧಾನ ನಿಲ್ಲಲಿಲ್ಲ. ನನ್ನ ತಪ್ಪು ನನ್ನೊಡನೆಯೇ ನಿವೃತ್ತವಾಗಿದ್ದರೆ ಚಿಂತೆಯಿರಲಿಲ್ಲ. ಅದು ಎರಡನೆಯ ತಲೆಮಾರಿಗೆ ದಾಟುತ್ತಿರುವುದನ್ನು ಕಣ್ಣಾರೆ ಕಂಡೆ. ಆದುದರಿಂದ ನನ್ನ ವಿದ್ಯಾರ್ಥಿಗಳೆಲ್ಲರಿಗೂ ಸಲ್ಲಬೇಕಾದ ತಿದ್ದುಪಡಿಯಿದು.

ಆ ನಾಣ್ಯವನ್ನು ನಾನು ಕೊಂಡದ್ದು 1991ರಲ್ಲಿ, ಪರಊರಿನ ಒಂದು ಅಂಗಡಿಯಲ್ಲಿ. ಅಂದಿನ ನನ್ನ ಒಂದು ತಿಂಗಳ ಸಂಬಳ ಅದಕ್ಕೆ ಹೋಯಿತು. ಮನೆಯಲ್ಲಿ ಇದಕ್ಕಾಗಿ ಎಷ್ಟು ಮಾತು ಕೇಳಬೇಕಾಯಿತೆಂಬುದನ್ನು ಬಂಧುಗಳು ಬಲ್ಲರು. ಬಿ.ಎಡ್. ಓದುವಾಗ 'ಮೂರ್ತದಿಂದ ಅಮೂರ್ತಕ್ಕೆ' ಎಂಬ ಬೋಧನಾ ಸೂತ್ರವನ್ನು ಕಲಿತಿದ್ದೆ. ಕಂಪನಿ ಸರಕಾರವೆಂಬ ಅಮೂರ್ತವನ್ನು ಮಕ್ಕಳ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲವೆಂದು ನನಗೆ ತೋರಿತ್ತು. ಮುಖಭಾಗದಲ್ಲಿ ನಾಲ್ಕನೆಯ ವಿಲಿಯಂ ದೊರೆಯ ತಲೆ. ಹಿಂಭಾಗದಲ್ಲಿ ಎಲೆಗಳ ಮಾಲೆ, ಅದರ ನಡುವೆ ಇಂಗ್ಲಿಷಿನಲ್ಲಿಯೂ ಪಾರ್ಸಿಯಲ್ಲಿಯೂ 'ಒಂದು ರೂಪಾಯಿ' ಎಂಬ ಬರಹ. ಸುತ್ತಲೂ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಕೆಳಗೆ 1835. ಕನ್ನಡಿಯಂತೆ ಹೊಳೆಯುತ್ತಿತ್ತು.

ಆ ಇಸವಿಗೆ ಇತಿಹಾಸದಲ್ಲಿ ದೊಡ್ಡ ಅರ್ಥವಿದೆ. ಅದಕ್ಕೆ ಮೊದಲು ಕಂಪನಿಯ ಸೀಮೆಯಲ್ಲಿಯೇ ಬಂಗಾಳದ ಸಿಕ್ಕಾ ರೂಪಾಯಿ, ಫರೂಕಾಬಾದಿ, ಸೂರತಿ, ಆರ್ಕಾಟು ಎಂದು ಬೇರೆ ಬೇರೆ ತೂಕದ, ಬೇರೆ ಬೇರೆ ಬೆಲೆಯ ರೂಪಾಯಿಗಳು ನಡೆಯುತ್ತಿದ್ದವು. ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೋದವನು ಸರಾಫನಿಗೆ ವಟ್ಟ ಕೊಡದೆ ಗತಿಯಿರಲಿಲ್ಲ. 1835ರ 17ನೆಯ ಕಾಯಿದೆಯು ಈ ಗೊಂದಲಕ್ಕೆ ತೆರೆಯೆಳೆದು, 180 ಗ್ರೇನ್ ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿಯುಳ್ಳ ಒಂದೇ ರೂಪಾಯಿಯನ್ನು ಕಂಪನಿಯ ಸೀಮೆಗೆಲ್ಲ ಗೊತ್ತುಪಡಿಸಿತು. ಇಂದಿನ ಲೆಕ್ಕದಲ್ಲಿ ಅದು ಸುಮಾರು 11.66 ಗ್ರಾಂ, ಅಂದರೆ ಒಂದು ತೊಲೆ. ಇದನ್ನೆಲ್ಲ ಹೇಳಿ ನಾನು ನಾಣ್ಯವನ್ನು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಿದ್ದೆ. ಇದಿಷ್ಟೂ ಸರಿಯಾದ ಪಾಠವೇ. ತಪ್ಪಿದ್ದುದು ಕೊನೆಯ ವಾಕ್ಯದಲ್ಲಿ.

ಒಂದು ವರ್ಷ ಪತ್ತಾರರ ಮನೆಯ ಹುಡುಗನೊಬ್ಬನು ನಾಣ್ಯವನ್ನು ಬಹಳ ಹೊತ್ತು ತಿರುಗಿಸಿ ನೋಡಿ ಎದ್ದು ನಿಂತನು. "ಸರ್, ಇಷ್ಟು ವರ್ಷದ ರೂಪಾಯಿ ಸ್ವಲ್ಪನೂ ಸವದಿಲ್ಲಲ್ರಿ? ನಮ್ಮ ಅಂಗಡಿಗೆ ಬರೋ ಹಳೇ ರೂಪಾಯಿ ಹಿಂಗ ಇರಂಗಿಲ್ರಿ" ಎಂದನು. ತರಗತಿ ನಕ್ಕಿತು. ನಾನು, "ಯಾರೋ ಪುಣ್ಯಾತ್ಮರು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದರು, ಕುಳಿತುಕೋ" ಎಂದೆ. ಅವನು ಕುಳಿತನು. ಇತಿಹಾಸದ ತರಗತಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಅವನು ಕೇಳಿದ್ದನು. ಅದನ್ನು ಕುಳ್ಳಿರಿಸಿದವನು ಇತಿಹಾಸದ ಮಾಸ್ತರ.

ನಿವೃತ್ತಿಯಾಗಿ ಎರಡು ವರ್ಷಗಳ ಬಳಿಕ, 2022ರಲ್ಲಿ, ಬೆಂಗಳೂರಿನಲ್ಲಿದ್ದ ಮಗಳ ಮನೆಗೆ ಹೋದಾಗ ಒಂದು ನಾಣ್ಯ ಪ್ರದರ್ಶನಕ್ಕೆ ನಾಣ್ಯವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅಲ್ಲಿ ಹಿರಿಯ ಸಂಗ್ರಾಹಕರೊಬ್ಬರು ಅದನ್ನು ಭೂತಗನ್ನಡಿಯಲ್ಲಿ ನೋಡಿ, "ಚೆನ್ನಾಗಿದೆ, ರಿಸ್ಟ್ರೈಕ್" ಎಂದರು. ನನ್ನ ಮುಖ ಬಾಡಿದ್ದನ್ನು ಕಂಡು ಕುರ್ಚಿ ಕೊಟ್ಟು ಕೂರಿಸಿ, ಕನ್ನಡಿಯನ್ನು ನನ್ನ ಕೈಗಿತ್ತು ಒಂದೊಂದಾಗಿ ತೋರಿಸಿದರು. ದೊರೆಯ ತಲೆಯ ಸುತ್ತಲಿನ ಬಯಲಿನಲ್ಲಿ ಕೂದಲಿನಷ್ಟು ತೆಳುವಾದ ಗೆರೆಗಳಿದ್ದವು. ನಾಣ್ಯವನ್ನು ಯಾರೋ ಉಜ್ಜಿದ್ದರೆ ಗೆರೆ ತಗ್ಗಾಗಿರಬೇಕು, ಇವು ಉಬ್ಬಿದ್ದವು. ಅಂದರೆ ಉಜ್ಜಿದ್ದು ನಾಣ್ಯವನ್ನಲ್ಲ, ಅಚ್ಚನ್ನು. ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳಿದ್ದವು. ಅಚ್ಚು ಬಹುಕಾಲ ಮೂಲೆಯಲ್ಲಿ ಬಿದ್ದು ತುಕ್ಕು ಹಿಡಿದರೆ ಉಕ್ಕಿನಲ್ಲಿ ಕುಳಿ ಬೀಳುತ್ತದೆ. ಆ ಕುಳಿಗೆ ಬೆಳ್ಳಿ ತುಂಬಿ ನಾಣ್ಯದ ಮೇಲೆ ಗುಳ್ಳೆಯಾಗಿ ಏಳುತ್ತದೆ. ಹಳೆಯ ಅಚ್ಚು, ತುಕ್ಕು, ಮತ್ತೆ ತಿಕ್ಕಿ ಹೊಳಪು, ಆಮೇಲೆ ಹೊಡೆತ: ಇಷ್ಟು ಕಥೆ ಆ ಒಂದು ರೂಪಾಯಿಯ ಮೇಲೆಯೇ ಬರೆದಿತ್ತು. ಮೂವತ್ತೊಂದು ವರ್ಷ ಇಟ್ಟುಕೊಂಡಿದ್ದ ನಾನು ಅದನ್ನು ಓದಿರಲಿಲ್ಲ.

ಇಲ್ಲಿ ಪದಗಳನ್ನು ಬಿಡಿಸಿ ಹೇಳುವುದು ಅಗತ್ಯ. ಟಂಕಸಾಲೆಯು ತನ್ನ ಹಳೆಯ ಅಚ್ಚನ್ನೇ ಬಳಸಿ, ಅದರಲ್ಲಿರುವ ಹಳೆಯ ಇಸವಿಯನ್ನು ಹಾಗೆಯೇ ಉಳಿಸಿ, ಎಷ್ಟೋ ವರ್ಷಗಳ ನಂತರ ಮತ್ತೆ ಹೊಡೆದ ನಾಣ್ಯವೇ ರಿಸ್ಟ್ರೈಕ್. ನಾವು ಮರುಟಂಕ ಎನ್ನೋಣ. ಹೊಸ ನಾಣ್ಯವನ್ನು ಚಲಾವಣೆಗೆ ತರುವ ಮೊದಲು, ಮೇಲಧಿಕಾರಿಗಳ ಒಪ್ಪಿಗೆಗಾಗಿ ಕೆಲವೇ ಪ್ರತಿಗಳಲ್ಲಿ ಹೊಡೆದು ತೋರಿಸುವುದು ಮಾದರಿ ನಾಣ್ಯ. ಸಂಗ್ರಾಹಕರು ಪ್ಯಾಟರ್ನ್ ಎನ್ನುತ್ತಾರೆ. ಚಲಾವಣೆಯ ಅಚ್ಚು ಸಾವಿರಾರು ಹೊಡೆತ ತಿಂದು ಸವೆದು ಬಿರಿಯುತ್ತದೆ. ಮಾದರಿಯ ಅಚ್ಚು ಹಾಗಲ್ಲ. ನಾಲ್ಕಾರು ಹೊಡೆತ ಕಂಡು ಕಪಾಟು ಸೇರುತ್ತದೆ. ಮೂಲ ಪ್ರತಿಗಳು ವಿರಳ, ಅಚ್ಚು ಗಟ್ಟಿಮುಟ್ಟು. ಆದ್ದರಿಂದಲೇ ಮರುಟಂಕದ ಆಸೆ ಮಾದರಿ ನಾಣ್ಯಗಳ ಮೇಲೆ ಹೆಚ್ಚು.

ನಮ್ಮ ದೇಶದಲ್ಲಿ ಈ ಕೆಲಸ ಕಳ್ಳತನದಿಂದ ನಡೆದುದಲ್ಲ. ಕಲಕತ್ತ ಮತ್ತು ಮುಂಬಯಿ ಟಂಕಸಾಲೆಗಳು ಬ್ರಿಟಿಷ್ ಭಾರತದ ಹಳೆಯ ನಾಣ್ಯಗಳನ್ನೂ ಮಾದರಿಗಳನ್ನೂ ಸಂಗ್ರಾಹಕರಿಗಾಗಿ ಪ್ರೂಫ್ ಹೊಳಪಿನಲ್ಲಿ ಮತ್ತೆ ಹೊಡೆದು ಕೊಡುತ್ತಿದ್ದವು. ಸ್ವಾತಂತ್ರ್ಯದ ನಂತರವೂ ಮುಂಬಯಿಯಲ್ಲಿ ಇದು ಮುಂದುವರಿದು 1970ರಲ್ಲಿ ನಿಂತಿತು. ಸಿಂಹ ಮತ್ತು ತಾಳೆಮರದ ಚಿತ್ರವಿರುವ 1835ರ ಜೋಡಿ ಮೊಹರಿನ ಮರುಟಂಕಗಳೂ ಇವೆ. ವಿಚಿತ್ರವನ್ನು ಗಮನಿಸಿ: ನಾಲ್ಕನೆಯ ವಿಲಿಯಂ 1837ರಲ್ಲಿ ತೀರಿಕೊಂಡನು, ಕಂಪನಿಯ ಆಳ್ವಿಕೆ 1858ರಲ್ಲಿ ಮುಗಿಯಿತು, ಬ್ರಿಟಿಷರೇ 1947ರಲ್ಲಿ ಹೊರಟುಹೋದರು, ಆದರೂ ದೊರೆಯ ತಲೆ ಟಂಕಸಾಲೆಯ ಯಂತ್ರದ ಕೆಳಗೆ ಮತ್ತೆ ಮತ್ತೆ ಮೂಡುತ್ತಿತ್ತು. ತೊಂದರೆಯೆಂದರೆ, ಮತ್ತೆ ಹೊಡೆದುದು ಯಾವಾಗ ಎಂಬ ಗುರುತನ್ನು ನಾಣ್ಯದ ಮೇಲೆ ಹಾಕಲಿಲ್ಲ. ಟಂಕಸಾಲೆಯಿಂದ ಮೊದಲು ಕೊಂಡವನಿಗೆ ವಿಷಯ ತಿಳಿದಿತ್ತು. ಅವನಿಂದ ಎರಡನೆಯವನಿಗೆ, ಎರಡನೆಯವನಿಂದ ಮೂರನೆಯವನಿಗೆ ದಾಟುವಾಗ ಆ ಒಂದು ಮಾತು ಎಲ್ಲಿಯೋ ಉದುರಿಹೋಗುತ್ತದೆ. ನನಗೆ ಮಾರಿದವನು, "ಪ್ರೂಫ್ ನಾಣ್ಯ, ಟಂಕಸಾಲೆಯದೇ" ಎಂದಿದ್ದನು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಯಾವ ವರ್ಷದ್ದು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಇದೇ ವ್ಯವಹಾರ ಅಮೆರಿಕದಲ್ಲಿ ನಡೆದ ಬಗೆ ಇನ್ನೂ ಸ್ವಾರಸ್ಯಕರವಾಗಿದೆ. ಫಿಲಡೆಲ್ಫಿಯಾ ಟಂಕಸಾಲೆಯ ಕ್ರಿಶ್ಚಿಯನ್ ಗೋಬ್ರೆಕ್ಟ್ ಎಂಬ ಕೆತ್ತನೆಗಾರನು 1836ರಿಂದ 1839ರ ಅವಧಿಯಲ್ಲಿ, ಕುಳಿತ ಸ್ವಾತಂತ್ರ್ಯದೇವಿ ಮತ್ತು ಹಾರುವ ಹದ್ದಿನ ಚಿತ್ರವುಳ್ಳ ಡಾಲರುಗಳಿಗೆ ಅಚ್ಚು ಕೆತ್ತಿದನು. ಇಪ್ಪತ್ತು ವರ್ಷಗಳ ಬಳಿಕ ಅಲ್ಲಿ ನಾಣ್ಯಸಂಗ್ರಹದ ಹುಚ್ಚು ಹತ್ತಿತು. ಆಗ ಟಂಕಸಾಲೆಯ ನಿರ್ದೇಶಕನಾಗಿದ್ದ ಜೇಮ್ಸ್ ರಾಸ್ ಸ್ನೋಡೆನ್ ಎಂಬವನಿಗೆ ಜಾರ್ಜ್ ವಾಷಿಂಗ್ಟನ್ನನ ಪದಕಗಳನ್ನು ಕೂಡಿಹಾಕುವ ಆಸೆ. ಕಪಾಟಿನಲ್ಲಿದ್ದ ಗೋಬ್ರೆಕ್ಟನ ಅಚ್ಚುಗಳನ್ನು ಹೊರತೆಗೆಸಿ, ಹಳೆಯ ಇಸವಿಯ ಡಾಲರುಗಳನ್ನೂ ಬೇರೆ ಮಾದರಿಗಳನ್ನೂ ಮತ್ತೆ ಹೊಡೆಸಿ, ಪದಕಗಳಿಗೆ ಬದಲಾಗಿ ಕೊಟ್ಟನು. ಹೀಗೆ ಕೂಡಿದ ಪದಕಗಳ ಸಂಗ್ರಹವು 1860ರ ಫೆಬ್ರವರಿ 22ರಂದು, ವಾಷಿಂಗ್ಟನ್ನನ ಜನ್ಮದಿನದಂದು, ಸಮಾರಂಭದೊಡನೆ ಉದ್ಘಾಟನೆಯಾಯಿತು.

ಟಂಕಸಾಲೆಯ ಹೊರಗೆ ನಡೆದುದು ಇನ್ನೊಂದು. ಹಳೆಯ ಕಬ್ಬಿಣವೆಂದು ವಿಲೇವಾರಿಯಾದ ಅಚ್ಚುಗಳು ಖಾಸಗಿಯವರ ಕೈ ಸೇರಿ, 1860ರ ಸುಮಾರಿಗೆ ಒಂದು '1804ರ ಸೆಂಟ್' ಹುಟ್ಟಿತು. ಅದರ ಮುಖದ ಅಚ್ಚು 1803ರದು, ಕೊನೆಯ ಅಂಕಿಯನ್ನು ತಿದ್ದಿದ್ದರು. ಹಿಂಭಾಗದ ಅಚ್ಚು 1820ರ ಕಾಲದ್ದು. ಇಂಥ ಜೋಡಿ 1804ರಲ್ಲಿ ಎಂದೂ ಕೂಡಿರಲೇ ಇಲ್ಲ. ಇದನ್ನೂ ಮರುಟಂಕವೆಂದೇ ಕರೆಯುತ್ತಾರಾದರೂ ಆ ಹೆಸರು ಅದಕ್ಕೆ ಹೊಂದುವುದಿಲ್ಲ. ಮರಳಿ ಹೊಡೆಯಲು ಮೊದಲು ಹೊಡೆದಿರಬೇಕಲ್ಲ!

ಎಲ್ಲಕ್ಕಿಂತ ಪ್ರಸಿದ್ಧವಾದುದು 1804ರ ಡಾಲರು. 1804ನೆಯ ವರ್ಷದಲ್ಲಿ ಅಲ್ಲಿ ಡಾಲರುಗಳನ್ನು ಹೊಡೆದರಾದರೂ ಅವುಗಳ ಮೇಲಿದ್ದುದು ಹಿಂದಿನ ವರ್ಷಗಳ ಇಸವಿ. ಮೂವತ್ತು ವರ್ಷಗಳ ನಂತರ, ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ನನ ಕಾಲದಲ್ಲಿ, ಮಸ್ಕತ್ತಿನ ಸುಲ್ತಾನನಿಗೂ ಸಯಾಮಿನ ದೊರೆಗೂ ಉಡುಗೊರೆ ಕೊಡಲು ನಾಣ್ಯಗಳ ಪೂರ್ಣ ಜೋಡಣೆಯೊಂದು ಬೇಕಾಯಿತು. ಡಾಲರು ಕೊನೆಯ ಸಲ ತಯಾರಾದುದು 1804ರಲ್ಲಿ ಎಂದು ದಫ್ತರ ಹೇಳುತ್ತಿತ್ತು. ಆದ್ದರಿಂದ ಆ ಇಸವಿ ಹಾಕಿ ಹೊಸದಾಗಿಯೇ ಹೊಡೆದರು. ಅದನ್ನು ಹೊತ್ತ ರಾಯಭಾರಿ ಎಡ್ಮಂಡ್ ರಾಬರ್ಟ್ಸನ ಹಡಗು 'ಪೀಕಾಕ್' ಅರಬ್ಬೀ ಕರಾವಳಿಯಲ್ಲಿ ನೆಲಕ್ಕೆ ತಾಗಿ ಪೆಟ್ಟು ತಿಂದಿತು. ಮಸ್ಕತ್ತಿನ ಕಾರ್ಯ ಮುಗಿಸಿ ದುರಸ್ತಿಗೆಂದು ಬಂದುದು ನಮ್ಮ ಮುಂಬಯಿಗೆ, ಅದೂ 1835ರಲ್ಲಿ! ಹೊಸ ಕಂಪನಿ ರೂಪಾಯಿ ಹುಟ್ಟಿದ ವರ್ಷವೇ, ಜಗತ್ತಿನ ಅತಿ ಹೆಸರಾದ 'ತಪ್ಪು ಇಸವಿಯ' ನಾಣ್ಯವೊಂದು ಮುಂಬಯಿ ಬಂದರಿನಲ್ಲಿ ತಂಗಿತ್ತು. ಮುಂದೆ 1858ರ ಸುಮಾರಿಗೆ ಟಂಕಸಾಲೆಯ ನೌಕರರು ಗುಟ್ಟಾಗಿ ಅದೇ ಡಾಲರನ್ನು ಮತ್ತೆ ಹೊಡೆದರು. ಅವುಗಳಲ್ಲೊಂದನ್ನು ಹೊಡೆದುದು 1857ರ ಸ್ವಿಟ್ಜರ್ಲೆಂಡಿನ ನಾಣ್ಯವೊಂದರ ಮೇಲೆಯೇ. ಅಡಿಯಲ್ಲಿನ ಹಳೆಯ ಮುದ್ರೆ ಪೂರ್ತಿ ಅಳಿಸಿಹೋಗಲಿಲ್ಲ. ಮೇಲಿನ ಇಸವಿ 1804, ಅದರ ಕೆಳಗಿನ ನಾಣ್ಯ 1857ರದು! ಅದು ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ.

ಇದನ್ನೆಲ್ಲ ಓದಿದ ಮೇಲೆ ನನಗೆ ಹೊಳೆದ ವಿಷಯವೆಂದರೆ, ಇಸವಿಯ ಈ ಆಟ ಸಂಗ್ರಾಹಕರಿಗೆ ಮಾತ್ರ ಸೀಮಿತವಲ್ಲ. ನಮ್ಮ ಅಜ್ಜಿಯ ಕೊರಳಲ್ಲಿ 'ರಾಣಿ ಛಾಪಿನ' ರೂಪಾಯಿಗಳ ಸರವಿತ್ತು. ಅದರಲ್ಲಿ 1840ರವು, 1862ರವು ಹೆಚ್ಚು. ಕಾರಣವೇನು? 1840ರ ಇಸವಿಯುಳ್ಳ ವಿಕ್ಟೋರಿಯಾ ರೂಪಾಯಿಯನ್ನು 1861ರವರೆಗೂ ಅದೇ ಇಸವಿಯಲ್ಲಿ ಹೊಡೆದರು. 1862ರದನ್ನು ಹಾಗೆಯೇ 1874ರವರೆಗೆ. ಯಾವ ವರ್ಷದ್ದೆಂಬುದನ್ನು ಟಂಕಸಾಲೆಯವರು ಸಣ್ಣ ಚುಕ್ಕೆಗಳಿಂದ ಗುರುತಿಸಿಕೊಳ್ಳುತ್ತಿದ್ದರು. ಕಂಪನಿಯು ಮದರಾಸು ಪ್ರಾಂತದಲ್ಲಿ ಆರ್ಕಾಟು ರೂಪಾಯಿಯ ಮೇಲೆ ಎರಡನೆಯ ಆಲಂಗೀರನ ಹೆಸರನ್ನೂ ಹಿಜರಿ 1172ನೆಯ ವರ್ಷವನ್ನೂ, ಆ ಬಾದಶಹನು ಸತ್ತು ಎಷ್ಟೋ ದಶಕಗಳಾದ ಮೇಲೂ ಹಾಕುತ್ತಲೇ ಇತ್ತು. ನಮ್ಮ ಗೋಕಾವಿಯ ಹೆಸರೂ ಮರಾಠರ ಕಾಲದ ಬೆಳ್ಳಿ ರೂಪಾಯಿಗಳ ಮೇಲೆ 'ಆಜಮನಗರ ಗೋಕಾಕ' ಎಂಬ ಟಂಕಸಾಲೆಯ ಹೆಸರಾಗಿ ಬಂದಿದೆ. ಆಳುವವರು ಮರಾಠರು, ನಾಣ್ಯದ ಮೇಲಿನ ಹೆಸರು ದಿಲ್ಲಿಯ ಬಾದಶಹನದು. ಜನ ನಂಬಿದ ರೂಪವನ್ನು ಬದಲಿಸಿದರೆ ವ್ಯಾಪಾರ ನಿಲ್ಲುತ್ತದೆಂಬ ಭಯವೇ ಇದಕ್ಕೆಲ್ಲ ಮೂಲ. ಆಸ್ಟ್ರಿಯಾದ ಮಾರಿಯಾ ಥೆರೇಸಾ ರಾಣಿ 1780ರಲ್ಲಿ ತೀರಿಕೊಂಡಳು. ಕೆಂಪು ಸಮುದ್ರದ ಸುತ್ತಲಿನ ಜನ ಅವಳ ಮುಖದ ಬೆಳ್ಳಿಯನ್ನಲ್ಲದೆ ಬೇರೊಂದನ್ನು ಒಪ್ಪಲಿಲ್ಲವಾಗಿ, 1780ರ ಇಸವಿಯ ಆ ಥಾಲರನ್ನು ಊರೂರ ಟಂಕಸಾಲೆಗಳು ಹೊಡೆದವು. ಎರಡನೆಯ ಮಹಾಯುದ್ಧದಲ್ಲಿ, 1940 ಮತ್ತು 41ರಲ್ಲಿ, ಮುಂಬಯಿಯಲ್ಲಿಯೂ ಹೊಡೆದರು.

ಹಾಗಾದರೆ ನಾನು ಹೇಳಿಕೊಟ್ಟದ್ದಕ್ಕೆ ಸರಿಯಾದ ರೂಪ ಯಾವುದು? ಇಸವಿ ಎಂಬುದು ನಾಣ್ಯವು ತನ್ನ ಬಗ್ಗೆ ಹೇಳಿಕೊಳ್ಳುವ ಮಾತು. ಸಾಕ್ಷಿಯ ಮಾತನ್ನು ಕೇಳಬೇಕು, ಆಮೇಲೆ ಪಾಟೀಸವಾಲು ಮಾಡಬೇಕು. ಶಾಸನಗಳ ವಿಷಯದಲ್ಲಿ ನಮ್ಮ ವಿದ್ವಾಂಸರು ಇದನ್ನು ಎಂದೋ ಮಾಡಿದ್ದರು. ಹಲಸಿಯ ಕದಂಬ ತಾಮ್ರಪಟಗಳನ್ನು ಪ್ರಕಟಿಸಿದ ಜಾನ್ ಫೇತ್‌ಫುಲ್ ಫ್ಲೀಟರು, ಹಳೆಯ ಶಕವರ್ಷವನ್ನು ಹೊತ್ತ ಎಷ್ಟೋ ತಾಮ್ರಪಟಗಳನ್ನು ಅವುಗಳ ಅಕ್ಷರದ ಆಕಾರ ನೋಡಿಯೇ ಕೂಟಶಾಸನಗಳೆಂದು ಸಾರಿದರು. ಶಾಸನ ಹೇಳುವ ಕಾಲ ಒಂದು, ಅದರ ಅಕ್ಷರ ಹೇಳುವ ಕಾಲ ಇನ್ನೊಂದು. ಇದನ್ನು ನಾನೇ ತರಗತಿಯಲ್ಲಿ ಪಾಠ ಮಾಡಿದ್ದೆ. ಹತ್ತು ನಿಮಿಷದ ನಂತರ ನಾಣ್ಯವನ್ನು ಕೈಗೆತ್ತಿಕೊಂಡಾಗ ಅದನ್ನು ಮರೆಯುತ್ತಿದ್ದೆ. ನಾನು ಹಣ ಕೊಟ್ಟು ಕೊಂಡ ಸಾಕ್ಷಿಯಲ್ಲವೇ, ಅದನ್ನು ಸವಾಲು ಮಾಡುವ ಧೈರ್ಯ ನನಗಿರಲಿಲ್ಲ.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮರುಟಂಕ ಖೋಟಾ ನಾಣ್ಯವಲ್ಲ. ಅಚ್ಚು ಟಂಕಸಾಲೆಯದು, ಕೆಲಸ ಟಂಕಸಾಲೆಯದು. ಅದನ್ನು ಮರುಟಂಕವೆಂದೇ ಹೇಳಿ ಮಾರಿದರೆ ಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ನಿಜವಾದ ಮೋಸ ಬೇರೆಯದೇ ಇದೆ. 1818ರ ಇಸವಿ, ಕಂಪನಿಯ ಹೆಸರು, ಒಂದು ಕಡೆ ಹನುಮಂತನ ಅಥವಾ ರಾಮಪರಿವಾರದ ಚಿತ್ರವುಳ್ಳ ತಾಮ್ರದ 'ಒಂದು ಆಣೆ' ಬಿಲ್ಲೆಗಳನ್ನು ತೋರಿಸಿ, ಅಕ್ಕಿಕಾಳನ್ನು ಸೆಳೆಯುತ್ತದೆ, ಕೋಟಿ ಬೆಲೆ ಬಾಳುತ್ತದೆ ಎಂದು ಹೇಳಿ ಹಳ್ಳಿಯ ಜನರನ್ನು ಮುಳುಗಿಸುವವರಿದ್ದಾರೆ. ಕಂಪನಿಯು ಅಂಥ ಆಣೆಯನ್ನು ಹೊಡೆಯಲೇ ಇಲ್ಲ. ಬ್ರಿಟಿಷ್ ಸರಕಾರದ ಒಂದಾಣೆಯ ನಾಣ್ಯ ಚಲಾವಣೆಗೆ ಬಂದುದೇ 1907ರಲ್ಲಿ, ಅದೂ ತಾಮ್ರ ಮತ್ತು ನಿಕ್ಕಲಿನ ಮಿಶ್ರಲೋಹದಲ್ಲಿ. ಬಂಧುಗಳಲ್ಲಿ ಯಾರ ಬಳಿಗಾದರೂ ಇಂಥವರು ಬಂದರೆ ದಯವಿಟ್ಟು ಒಂದು ಪೈಸೆಯನ್ನೂ ಕೊಡಬೇಡಿರಿ.

ದೀಪಾವಳಿ ಮುಗಿದು ಎರಡು ವಾರಕ್ಕೆ ನಾನು ಬಸ್ಸು ಹತ್ತಿ ಸಂಕೇಶ್ವರಕ್ಕೆ ಹೋದೆ. ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಅಲ್ಲಿ ತಂದೆಯ ಕಸುಬನ್ನೇ ನಡೆಸುತ್ತಿದ್ದಾನೆ, ತಲೆಗೂದಲು ನರೆತಿದೆ. ಎದ್ದು ಬಂದು ಕಾಲು ಮುಟ್ಟಿದನು. ನಾನು ನಾಣ್ಯವನ್ನು ಗಲ್ಲೆಯ ಮೇಲಿಟ್ಟು ನಡೆದುದನ್ನೆಲ್ಲ ಹೇಳಿದೆ. ನಿನ್ನ ಪ್ರಶ್ನೆ ಸರಿಯಿತ್ತು, ನನ್ನ ಉತ್ತರ ತಪ್ಪಿತ್ತು ಎಂದೆ. ಅವನಿಗೆ ಅದರ ನೆನಪೇ ಇರಲಿಲ್ಲ! "ನಾ ಹಂಗ ಕೇಳಿದ್ನೇನ್ರಿ ಸರ್?" ಎಂದು ನಕ್ಕನು. ಅನಂತರ ಕೈಯ ಚಾಳಿಯಂತೆ ನಾಣ್ಯವನ್ನು ತಕ್ಕಡಿಗಿಟ್ಟು ನೋಡಿ, ಅಂಚನ್ನು ಬೆರಳಿನಿಂದ ಸವರಿ, "ಬೆಳ್ಳಿ ಚಲೋ ಐತ್ರಿ ಸರ್. ಆದ್ರ ಇದು ಯಾರ ಕಿಸೆದಾಗೂ ಇದ್ದದ್ದಲ್ರಿ" ಎಂದನು.

ನಾನು ಒಂದು ಪುಸ್ತಕದಷ್ಟು ಓದಿ ತಿಳಿದುದನ್ನು ಅವನು ಒಂದು ವಾಕ್ಯದಲ್ಲಿ ಹೇಳಿದನು. ಅವನು ತನ್ನ ಪ್ರಶ್ನೆಯನ್ನು ಮರೆತಿದ್ದು ನನಗೆ ಸಮಾಧಾನ ಕೊಡಲಿಲ್ಲ; ಅಂದು ನಾನು ಅವನನ್ನು ಕುಳ್ಳಿರಿಸದಿದ್ದರೆ ಅದನ್ನು ಅವನು ಮರೆಯುತ್ತಿರಲಿಲ್ಲವೇನೋ ಎಂದೆನಿಸಿತು.

ನಾಣ್ಯ ನನ್ನ ಬಳಿಯೇ ಇದೆ. ಡಬ್ಬಿಯೊಳಗಿನ ಚೀಟಿಯನ್ನು ಮಾತ್ರ ಬದಲಿಸಿದ್ದೇನೆ. ಮೊದಲು '1835' ಎಂದಷ್ಟೇ ಇತ್ತು. ಈಗ '1835ರ ಇಸವಿಯುಳ್ಳ ರೂಪಾಯಿ, ಟಂಕಸಾಲೆಯ ಮರುಟಂಕ' ಎಂದಿದೆ. ದೀಪಾವಳಿಗೆ ಬಂದಿದ್ದ ಆ ಮಗುವಿನ ತಂದೆ ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಮುಂದಿನ ರಜೆಯಲ್ಲಿ ಮಗನನ್ನು ಕರೆದುಕೊಂಡು ಬಾ. ಈ ಸಲ ನಾಣ್ಯದ ಜೊತೆಗೆ ಭೂತಗನ್ನಡಿಯನ್ನೂ ಅವನ ಕೈಗೆ ಕೊಡುತ್ತೇನೆ. ನಾನೇನೂ ಹೇಳುವುದಿಲ್ಲ, ಅವನು ಕೇಳಲಿ.